ಕುರ್ಚಿ ಖಾಲಿ ಇದ್ದಾಗ

ಬೆಳಕನ್ನು ಮಾಡಿದವನು ಅದರ ಮೇಲೆ ಎಲ್ಲಿಯೂ ತನ್ನ ಹೆಸರು ಬರೆದುಕೊಂಡಿಲ್ಲ. ಬೆಳಕು ಹೊತ್ತಿಗೆ ಸರಿಯಾಗಿ ಬರುತ್ತದೆ, ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಯಾರ ಚಪ್ಪಾಳೆಗೂ ಕಾಯುವುದಿಲ್ಲ. ಆದರೆ ಸಾರ್ವಜನಿಕ ಗ್ರಂಥಾಲಯದ ಓದುಕೋಣೆಗೆ ಹೊಸ ಬೆಳಕು ಹಾಕಲು ಬಂದ ವಿನ್ಯಾಸಕಾರ ಒಂದು ದೀಪವನ್ನೂ ಏರಿಸುವ ಮೊದಲೇ, ಬಾಗಿಲ ಪಕ್ಕದ ಗೋಡೆಯಲ್ಲಿ ತನ್ನ ಹೆಸರಿನ ಫಲಕಕ್ಕೆಂದು ನಾಲ್ಕು ತೂತು ಕೊರೆಸಿದ.

ಕೊರೆದವಳು ಗ್ರಂಥಾಲಯದ ಎಲೆಕ್ಟ್ರಿಷಿಯನ್. ಇಪ್ಪತ್ತಾರು ವರ್ಷದಿಂದ ಅಲ್ಲಿನ ದೀಪ, ಫ್ಯಾನು, ಪಂಪುಗಳನ್ನು ನೋಡಿಕೊಂಡು ಬಂದವಳು. ಎಲ್ಲರ ಬಾಯಲ್ಲೂ ಅವಳು ಫ್ಯೂಸಮ್ಮ. ಬಿರುಸಾಗಿ ಮಾತಾಡುವವಳಲ್ಲ, ಏಣಿ ಹತ್ತುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿ ನಿಂತು, ‘ಬೆಳಕು ನಿನ್ನದು, ತಂತಿ ಮಾತ್ರ ನನ್ನದು’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಹತ್ತುವವಳು.

ವಿನ್ಯಾಸಕಾರ ಮೊದಲ ದಿನವೇ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, “ನಾನು ಬೆಳಕು ಹಾಕೋನಲ್ಲ, ನೆರಳು ಕೆತ್ತೋನು” ಎಂದಿದ್ದ. ಅಂದು ಸಂಜೆಯೊಳಗೆ ಅವನ ಹೆಸರು ನೆರಳಪ್ಪ ಎಂದಾಯಿತು. ಅವನಿಗೆ ಮಾತ್ರ ಗೊತ್ತಾಗಲಿಲ್ಲ.

ನೆರಳಪ್ಪ ಮೊದಲು ಮಾಡಿದ ಕೆಲಸವೆಂದರೆ ಕಿಟಕಿಗಳಿಗೆಲ್ಲ ಕರಿಯ ಪರದೆ ಬಿಗಿಸಿದ್ದು. ಸೂರ್ಯ ತನ್ನ ಹತೋಟಿಗೆ ಸಿಗುವುದಿಲ್ಲ ಎನ್ನುವುದೇ ಅವನ ದೂರು. ಎರಡನೆಯದು, ಮೇಜುದೀಪಗಳನ್ನು ಕೀಳಿಸಿದ್ದು. ಪ್ರತಿ ಕುರ್ಚಿಗೂ ಒಂದೊಂದು ಬಾಗಿದ ಕತ್ತಿನ ದೀಪವಿತ್ತು, ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳದ ಹಾಗೆ ಎಡಗಡೆಗೆ. ಎಡಗೈಯಲ್ಲಿ ಬರೆಯುವವರಿಗೆಂದು ಕೊನೆಯ ಮೇಜಿನ ನಾಲ್ಕು ದೀಪಗಳನ್ನು ಫ್ಯೂಸಮ್ಮ ಬಲಗಡೆಗೆ ಕೂರಿಸಿದ್ದಳು. ಅವೆಲ್ಲ ಮೆಟ್ಟಿಲ ಕೆಳಗಿನ ಉಗ್ರಾಣ ಸೇರಿದವು. ಬದಲಿಗೆ ಚಾವಣಿಯಲ್ಲಿ ಮುಷ್ಟಿಯಷ್ಟು ಅಗಲದ ತೂತು, ತೂತಿಗೊಂದು ದೀಪ. ಬಾಗಿಲಲ್ಲಿ ನಿಂತು ನೋಡಿದವರಿಗೆ ಎಲ್ಲವೂ ಗೆರೆ ಎಳೆದ ಹಾಗೆ ಕಾಣಬೇಕೆಂದು ದೀಪದ ಸಾಲನ್ನು ಸರಿಯಾಗಿ ಕುರ್ಚಿಗಳ ನೆತ್ತಿಯ ಮೇಲೆ ಕೂರಿಸಿದ. ಅಲ್ಲಿಂದ ಬೆಳಕು ಓರೆಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ನಡುವೆ ಓದುವವರ ತಲೆ ಬರುತ್ತದೆ ಎಂಬುದು ಅವನ ಯಾವ ನಕ್ಷೆಯಲ್ಲೂ ಇರಲಿಲ್ಲ, ಏಕೆಂದರೆ ಅವನ ಯಾವ ನಕ್ಷೆಯಲ್ಲೂ ಓದುವವರೇ ಇರಲಿಲ್ಲ.

ಮೂರನೆಯ ವಾರ ಫ್ಯೂಸಮ್ಮ ಏಣಿಯಿಂದ ಇಳಿದು ಬಂದು ಹೇಳಿದಳು: “ಸರ್, ಒಂದ್ಸಲ ಕೂತ್ಕೊಂಡು ನೋಡಿ.”

“ಕೂತ್ಕೊಂಡಾ?” ನೆರಳಪ್ಪ ಬಾವಿಗೆ ಇಳಿ ಎಂದವರ ಕಡೆ ನೋಡುವ ಹಾಗೆ ನೋಡಿದ. “ನಾನು ಜಾಗವನ್ನ ನಿಂತು ಅನುಭವಿಸ್ತೀನಮ್ಮ.”

“ಓದೋರು ಕೂತೇ ಅನುಭವಿಸ್ಬೇಕಲ್ಲ ಸರ್.”

ಅವನು ನಕ್ಕು, ಬೆಳಕು ಅಳೆಯುವ ಮೀಟರನ್ನು ಒಂದು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ, ದೂರದಿಂದ ಮೇಜಿನ ಮೇಲೆ ಇಟ್ಟ. ಹತ್ತಿರ ಹೋದರೆ ತನ್ನ ನೆರಳು ಬಿದ್ದು ಲೆಕ್ಕ ಕೆಡುತ್ತದಂತೆ! “ನೋಡಿ, ಐನೂರು. ಓದೋಕೆ ಧಾರಾಳ. ಮೀಟರು ಸುಳ್ಳು ಹೇಳಲ್ಲ.”

ಹೌದು, ಹೇಳುವುದಿಲ್ಲ, ಎಂದುಕೊಂಡಳು ಅವಳು. ಮೀಟರಿಗೆ ತಲೆಯೇ ಇಲ್ಲವಲ್ಲ.

ಅವಳಿಗೆ ಇದು ಬರೀ ಕೆಲಸದ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಏಳನೆಯ ಮೇಜಿನ ಮೂಲೆಯ ಕುರ್ಚಿ ಅವಳ ಅಪ್ಪನದು. ಛಾಪಖಾನೆಯಲ್ಲಿ ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಮುದುಕ. ಅಷ್ಟು ವರ್ಷ ಅಕ್ಷರಗಳನ್ನು ತಿರುಗುಮುರುಗಾಗಿ ಓದಿದ್ದಾಯಿತು, ಇನ್ನು ನೆಟ್ಟಗೆ ಓದುತ್ತೇನೆ ಎಂದು ಇಪ್ಪತ್ತು ಸಂಪುಟದ ವಿಶ್ವಕೋಶವನ್ನು ಮೊದಲ ಪುಟದಿಂದ ಹಿಡಿದಿದ್ದ. ಅದನ್ನು ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಬೇಕು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ದೀಪ ಪಕ್ಕದಲ್ಲಿ, ಹತ್ತಿರದಲ್ಲಿ ಇದ್ದರೆ ಮಾತ್ರ ಅಕ್ಷರ ಹಿಡಿಯುತ್ತಿತ್ತು. ಮೇಜುದೀಪ ಉಗ್ರಾಣದಿಂದ ಗುಜರಿಗೆ ಹೋದರೆ ಅಪ್ಪನ ಓದೂ ಅದರ ಜೊತೆಯಲ್ಲೇ ಹೋದಂತೆ.

ವಿನ್ಯಾಸ ಪ್ರಶಸ್ತಿಯ ತೀರ್ಪುಗಾರರು ಬರುವ ದಿನ ಬೆಳಗ್ಗೆ ಅಪ್ಪ ಕೇಳಿದ: “ಇನ್ನೂ ಮುಗಿದಿಲ್ವೇನೇ ನಿನ್ನ ನೆರಳಪ್ಪನ ಆಟ? ಏಳು ವಾರದಿಂದ ‘ನಕ್ಷತ್ರ’ದ ಮಧ್ಯದಲ್ಲಿ ನೇತಾಡ್ತಿದೀನಿ ಕಣೇ. ಮುಂದೆ ಏನಾಗುತ್ತೆ ಅಂತ ತಿಳೀದೆ ಸಾಯಬೇಕಾ ನಾನು?”

“ಇವತ್ತು ಪ್ರಶಸ್ತಿಗೆ ನೋಡೋಕೆ ಬರ್ತಾರಪ್ಪ. ನಾಳೆ ಬಾಗಿಲು ತೆಗೀತಾರೆ.”

“ನನ್ನ ದೀಪ?”

ಅವಳು ಊಟದ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಎರಡು ಸಲ ಹಾಕಿ ತೆಗೆದಳು.

“ಮಾತಾಡೇ. ಬಾಯಿದೂ ಫ್ಯೂಸ್ ಹೋಯ್ತಾ?”

“ಹೊಸ ಬೆಳಕು ಸಾಕು ಅನ್ನೋ ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಬೇಕಪ್ಪ. ಸಹಿ ಬಿದ್ದ ಮೇಲೆ ಗುಜರಿ ಗಾಡಿ ಬರುತ್ತೆ.”

“ಹಾಕ್ದೇ ಇದ್ರೆ?”

“ನನ್ನನ್ನ ಪಂಪುಮನೆಗೆ ಹಾಕ್ತಾರಂತೆ. ಅಲ್ಲಿಗೆ ಹೋದ ಮೇಲೆ ನಿಮ್ಮ ದೀಪ ಉಳಿಸೋಕೆ ನಾನೇ ಇರಲ್ಲ.”

ಮುದುಕ ಭೂತಕನ್ನಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ತೀರ್ಪುಗಾರರು ಬಂದರು. ಮೂವರು, ಮೂವರೂ ಕಪ್ಪು ಬಟ್ಟೆ. ಬಾಗಿಲಲ್ಲೇ ನಿಂತರು. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡು, “ಎಂಥಾ ಮೌನ!” ಎಂದಳು. ಏಳು ವಾರದಿಂದ ಓದುಗರನ್ನು ಹೊರಗೆ ಹಾಕಿ ಬೀಗ ಜಡಿದ ಕೋಣೆಯಲ್ಲಿ ಮೌನವಲ್ಲದೆ ಇನ್ನೇನು ಇರಬೇಕಿತ್ತೋ ದೇವರೇ ಬಲ್ಲ. ನೆರಳಪ್ಪ ವಿನಯದಿಂದ ತಲೆ ಬಾಗಿಸಿದ, ಆ ಮೌನವನ್ನೂ ತಾನೇ ಹೊಲಿಸಿ ತಂದವನ ಹಾಗೆ. ಗ್ರಂಥಪಾಲಕರು ಅವನ ಹಿಂದೆ ನಿಂತು, ಅವನು ಬಾಗಿದಾಗಲೆಲ್ಲ ತಾವೂ ಬಾಗಿದರು. ಛಾಯಾಗ್ರಾಹಕ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ.

ಅಷ್ಟರಲ್ಲಿ ಅವನು, “ಸರ್, ಏಳನೇ ಮೇಜಲ್ಲಿ ಯಾರೋ ಇದಾರೆ” ಎಂದ.

ಹೌದು, ಇದ್ದ. ಫ್ಯೂಸಮ್ಮನ ಅಪ್ಪ ಹಿಂಬಾಗಿಲಿಂದ ಬಂದು, ತನ್ನ ಹನ್ನೊಂದನೆಯ ಸಂಪುಟವನ್ನು ತಾನೇ ಇಳಿಸಿಕೊಂಡು, ಏಳು ವಾರದ ಹಿಂದೆ ಎದ್ದುಹೋದ ಜಾಗದಲ್ಲೇ ಕೂತಿದ್ದ.

“ಯಾರ್ರೀ ಅದು? ಚಿತ್ರ ಪೂರ್ತಿ ಕೆಡ್ತಿದೆ!” ನೆರಳಪ್ಪ ಕೂಗಿದ.

“ನಾನು ಓದೋನಪ್ಪ,” ಎಂದ ಮುದುಕ ತಲೆಯೆತ್ತದೆ. “ನೀನು?”

ಮುದುಕ ಪುಟದ ಮೇಲೆ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. “ಮಗಳೇ, ನನ್ನ ತಲೆ ಬಂದು ನಕ್ಷತ್ರದ ಮೇಲೆ ಕೂತಿದೆ. ಸ್ವಲ್ಪ ಆಚೆ ಸರಿಸೇ.”

ತೀರ್ಪುಗಾರ್ತಿ ನಾಲ್ಕು ಹೆಜ್ಜೆ ಹತ್ತಿರ ಬಂದು, ಕಣ್ಣರಳಿಸಿ, “ನೋಡಿ, ನೋಡಿ, ಓದುಗ ತನ್ನ ನೆರಳಿನ ಜೊತೇನೇ ಮಾತಾಡ್ತಿದಾನೆ! ಎಷ್ಟು ಆಳವಾದ ಕಲ್ಪನೆ!” ಎಂದಳು.

“ಮಾತಾಡ್ತಿಲ್ಲ ತಾಯಿ,” ಎಂದ ಮುದುಕ, “ಬೈತಿದೀನಿ.”

ಆಕೆ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ನೆರಳಪ್ಪನ ಮುಖ ಒಂದು ಗಳಿಗೆ ಬಾಡಿ, ಮರುಗಳಿಗೆ ಅರಳಿತು. ತಾನು ಇದನ್ನು ಬೇಕೆಂದೇ ಮಾಡಿದ್ದೇನೆಂದು ಅವನಿಗೆ ತಿಳಿದದ್ದು ಆಗಲೇ.

ಗ್ರಂಥಪಾಲಕರು ಫ್ಯೂಸಮ್ಮನನ್ನು ಕಂಬದ ಮರೆಗೆ ಕರೆದು ಒಪ್ಪಿಗೆ ಪತ್ರವನ್ನು ಕೈಗೆ ತುರುಕಿದರು. “ಬೇಗ ಸಹಿ ಹಾಕಮ್ಮ. ತೀರ್ಪುಗಾರರು ಇದರ ಪ್ರತಿ ತಗೊಂಡೇ ಹೋಗೋದು. ನಿನ್ನ ತಂದೇನ ಆಮೇಲೆ ವಿಚಾರಿಸ್ಕೋತೀನಿ. ಪಂಪುಮನೆ ನೆನಪಿದೆ ತಾನೇ?”

“ನೆನಪಿದೆ ಸರ್.”

ಅವಳು ಪತ್ರ ಹಿಡಿದು ಪಡಸಾಲೆಗೆ ಹೋದಳು. ನೆರಳಪ್ಪನ ಪರದೆ ತಲುಪದೆ ಉಳಿದ ಒಂದೇ ಕಿಟಕಿ ಅಲ್ಲಿತ್ತು. ಬಿಸಿಲು ತನ್ನ ಪಾಡಿಗೆ ತಾನು ಬಂದು ನೆಲದ ಮೇಲೆ ಬಿದ್ದಿತ್ತು. ಪತ್ರದ ಕೊನೆಯಲ್ಲಿ ‘ಷರತ್ತು ಇದ್ದಲ್ಲಿ ಬರೆಯಿರಿ’ ಎಂದು ಒಂದು ಗೆರೆ. ಹುಟ್ಟಿದಾಗಿನಿಂದ ಆ ಗೆರೆ ‘ಇಲ್ಲ’ ಎಂಬ ಎರಡಕ್ಷರವನ್ನು ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಅವಳು ಏಣಿಯ ಬುಡದಲ್ಲಿ ನಿಲ್ಲುವಂತೆಯೇ ಕಣ್ಣು ಮುಚ್ಚಿ ನಿಂತಳು. ಸುಳ್ಳು ಬರೆಸಬೇಡ ದೇವರೇ, ಜಗಳವನ್ನೂ ಆಡಿಸಬೇಡ. ಆಮೇಲೆ ನಿಧಾನವಾಗಿ, ಗುಂಡಗೆ, ಅಪ್ಪ ಕಲಿಸಿದ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

ಸಹಿ ಮಾಡುವ ಚಿತ್ರವೂ ಬೇಕು ಎಂದ ಛಾಯಾಗ್ರಾಹಕ. ಮುದುಕನನ್ನು ಎಬ್ಬಿಸಿ ನೆರಳಪ್ಪನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಏಳು ವಾರದಲ್ಲಿ ಆ ಮನುಷ್ಯ ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಫ್ಯೂಸಮ್ಮ ಪತ್ರವನ್ನು ಮೇಜಿನ ಮೇಲಿಟ್ಟಳು.

“ಷರತ್ತು ಬರ್ದಿದೀನಿ ಸರ್. ಓದಿ ಸಹಿ ಮಾಡಿ.”

ನೆರಳಪ್ಪ ಬಗ್ಗಿದ. ಅವನ ತಲೆಯೂ ಜೊತೆಗೇ ಬಗ್ಗಿ, ಕಾಗದದ ಮೇಲೆ ಕರಿಯ ಕುಂಬಳಕಾಯಿಯ ಹಾಗೆ ಕೂತಿತು. ಕಾಗದವನ್ನು ಎಡಕ್ಕೆ ಸರಿಸಿದ. ಕುಂಬಳಕಾಯಿ ಎಡಕ್ಕೆ ಬಂತು. ಬಲಕ್ಕೆ ಸರಿಸಿದ, ಅದೂ ಹಿಂಬಾಲಿಸಿತು. ಕತ್ತನ್ನು ಒಂದು ಪಕ್ಕಕ್ಕೆ ತಿರುಚಿ ನೋಡಿದ. ಜೇಬಿನಲ್ಲಿದ್ದ ಕನ್ನಡಕಕ್ಕೆ ಕೈ ಹೋಗಿ, ಎದುರಿನ ಕ್ಯಾಮೆರಾ ನೆನಪಾಗಿ ಹಿಂದಕ್ಕೆ ಬಂತು. ಎದ್ದು ಬೆಳಕಿಗೆ ಹೋಗಿ ಓದುವುದಂತೂ ಸಾಧ್ಯವೇ ಇರಲಿಲ್ಲ. ತೀರ್ಪುಗಾರರು ಮೂವರೂ ಅಲ್ಲೇ ನಿಂತಿದ್ದರು.

“ಓದಿದ್ರಾ ಸರ್?” ಫ್ಯೂಸಮ್ಮ ಇನ್ನೊಮ್ಮೆ ಕೇಳಿದಳು. “ಬೇಕಿದ್ರೆ ನಾನೇ ಓದಿ ಹೇಳ್ತೀನಿ.”

“ಬೇಡಮ್ಮ, ಬೇಡ. ಓದಿದೆ. ಚೆನ್ನಾಗಿ ಬರ್ದಿದೀರಿ.” ಅಂದಾಜಿನ ಮೇಲೆ ಪೆನ್ನು ಎಳೆದ. ಗ್ರಂಥಪಾಲಕರು, ಅವರು ಓದಿದ ಮೇಲೆ ನಮ್ಮದೇನು ಎನ್ನುತ್ತ ಕೆಳಗೆ ತಮ್ಮದನ್ನು ಎಳೆದರು. ತೀರ್ಪುಗಾರರು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನ ಬಾಗಿಲು ತೆರೆದಾಗ ಪ್ರತಿ ಮೇಜಿನ ಮೇಲೂ ಹಳೆಯ ದೀಪಗಳು ಕತ್ತು ಬಾಗಿಸಿ ನಿಂತಿದ್ದವು. ಗುಜರಿ ಗಾಡಿ ಬಂದ ದಾರಿಯಲ್ಲೇ ಖಾಲಿ ಹೋಯಿತು.

“ಏನಮ್ಮಾ ಇದು! ಯಾರನ್ನ ಕೇಳಿ ತಂದಿಟ್ಟೆ?” ಗ್ರಂಥಪಾಲಕರು ಕಿರುಚಿದರು.

ಅವಳು ಪತ್ರ ಕೊಟ್ಟಳು. ಅವರು ಕೋಣೆಯ ನಡುವೆ ನಿಂತು ಅದನ್ನು ಹಿಂದೆ ಮುಂದೆ ಹಿಡಿದು ನೋಡಿ, ಕೊನೆಗೆ ಪಡಸಾಲೆಯ ಕಿಟಕಿಗೆ ಹೋಗಿ ಓದಿದರು: ‘ಕುರ್ಚಿ ಖಾಲಿ ಇದ್ದಾಗ ಮೇಜಿನ ಮೇಲೆ ಬೆಳಕು ಸಾಕಷ್ಟಿದೆ. ಕುರ್ಚಿಯಲ್ಲಿ ಮನುಷ್ಯರು ಕೂತಾಗ ಹಳೆಯ ಮೇಜುದೀಪಗಳು ಇರತಕ್ಕದ್ದು.’ ಕೆಳಗೆ ಮೂರು ಸಹಿ, ಒಂದು ಅವರದೇ.

ಗ್ರಂಥಪಾಲಕರು ನೆರಳಪ್ಪನಿಗೆ ಫೋನು ಮಾಡಿ ಷರತ್ತನ್ನು ಓದಿ ಹೇಳಿದರು. ಅವನು ಓದದೆ ಸಹಿ ಹಾಕಿದೆ ಎನ್ನಬೇಕು, ಇಲ್ಲವೇ ತನ್ನ ಬೆಳಕಿನಲ್ಲಿ ಓದಲಾಗಲಿಲ್ಲ ಎನ್ನಬೇಕು. ಎರಡನ್ನೂ ಹೇಳುವ ಬಾಯಿ ಅವನಿಗಿರಲಿಲ್ಲ. ಪ್ರಶಸ್ತಿ ಬಂತು. ಆ ಸಮಾರಂಭದಲ್ಲಿ ಅವನು, ಮೇಜುದೀಪಗಳೆಂದರೆ ಓದುಗನಿಗೆಂದು ತಾನು ಮೊದಲಿನಿಂದಲೂ ಬಿಟ್ಟುಕೊಟ್ಟ ಸ್ವಾತಂತ್ರ್ಯ ಎಂದು ಭಾಷಣ ಮಾಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಗಿಲ ಪಕ್ಕದ ಫಲಕಕ್ಕೆ ಅವನೇ ಆರಿಸಿದ ದೀಪವೊಂದಿದೆ. ಅದು ಫಲಕದ ಮೇಲೆ ಎಷ್ಟು ಜೋರಾಗಿ ಹೊಳೆಯುತ್ತದೆಂದರೆ, ಹೆಸರು ಯಾರದೆಂದು ಇಂದಿನವರೆಗೂ ಯಾರಿಗೂ ಓದಲಾಗಿಲ್ಲ.

ಏಳನೆಯ ಮೇಜಿನಲ್ಲಿ ಮುದುಕ ದೀಪದ ಕತ್ತನ್ನು ಎರಡು ಬೆರಳಷ್ಟು ಈಚೆ ಎಳೆದುಕೊಂಡ.

“ಮೇಲಿನ ದೀಪವೂ ಇರಲಿ ಕಣೇ, ಆರಿಸಬೇಡ.”

“ಅದ್ಯಾಕಪ್ಪ?”

“ನನ್ನ ಬೋಳುತಲೆ ಬಾಗಿಲವರೆಗೂ ಹೊಳೀತಿದೆಯಂತೆ. ಈ ಜಾಗ ಭರ್ತಿ ಅಂತ ದೂರದಿಂದಲೇ ಗೊತ್ತಾಗುತ್ತೆ, ಯಾರೂ ಬಂದು ಪೀಡಿಸಲ್ಲ.”

ಅವಳು ನಗು ನುಂಗಿಕೊಂಡು ಏಣಿ ಎತ್ತಿಕೊಂಡಳು. ಮುದುಕ ಬೆರಳು ತೇವ ಮಾಡಿಕೊಂಡು ಪುಟ ತಿರುವಿ, ನಕ್ಷತ್ರದ ಉಳಿದರ್ಧಕ್ಕೆ ಇಳಿದ.