ಹಸಿರು ನಿಶಾನೆಗೆ ಮುಂಚೆ

ಶಹಾಪುರದ ಮೈದಾನದಲ್ಲಿ ನಾಲ್ಕು ಹೊಸ ಆಂಬುಲೆನ್ಸ್‌ಗಳು ಎರಡು ತಿಂಗಳಿಂದ ನಿಂತಿದ್ದವು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ತೆಗೆದಿರಲಿಲ್ಲ. ನಂಬರ್ ಪ್ಲೇಟ್ ಇತ್ತು, ವಿಮೆ ಇತ್ತು, ಡ್ರೈವರುಗಳ ನೇಮಕವೂ ಆಗಿತ್ತು. ಇಲ್ಲದ್ದು ಒಂದೇ. ಮಂತ್ರಿ ಸಾಹೇಬರು ಇನ್ನೂ ಹಸಿರು ನಿಶಾನೆ ತೋರಿಸಿರಲಿಲ್ಲ. ಮೊದಲು ಅವರಿಗೆ ಅಧಿವೇಶನವಿತ್ತು. ಆಮೇಲೆ ಆಷಾಢ ಬಂತು. ಆಷಾಢದಲ್ಲಿ ಹೊಸ ಗಾಡಿಯನ್ನು ರಸ್ತೆಗೆ ಇಳಿಸಬಾರದಂತೆ. ಆಷಾಢ ಬಂತೆಂದು ಹೊಲದ ಹಾವು ಕಚ್ಚುವುದನ್ನು ಬಿಡುವುದಿಲ್ಲ, ಬಸುರಿಯರು ಹೆರಿಗೆಯನ್ನು ಶ್ರಾವಣಕ್ಕೆ ಮುಂದೂಡುವುದಿಲ್ಲ. ಪಂಚಾಂಗ ತೆರೆದು ಕೂತವರಿಗೆ ಇದನ್ನು ಹೇಳುವವರು ಯಾರು?

ನಾನು ಸುರಪುರದ ಆಮೀನಾ. ಪ್ಯಾರಾಮೆಡಿಕಲ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದೆ. ಆಂಬುಲೆನ್ಸ್ ಪಾಳಿಗಳನ್ನು ಮುಗಿಸಿದರೆ ಸರ್ಟಿಫಿಕೇಟು. ನನ್ನನ್ನು ಹಾಕಿದ್ದ ಗಾಡಿ ಎಷ್ಟು ಹಳೆಯದೆಂದರೆ ಹಿಂಬಾಗಿಲನ್ನು ಒಳಗಿನಿಂದ ಹಗ್ಗ ಕಟ್ಟಿ ಮುಚ್ಚಬೇಕಿತ್ತು. ಡ್ರೈವರ್ ಮರಿಲಿಂಗ ಅದನ್ನು ಮುದುಕಿ ಎಂದೇ ಕರೆಯುತ್ತಿದ್ದ. ದಿನಾ ಬೆಳಿಗ್ಗೆ ಸ್ಟೇರಿಂಗ್ ಮುಟ್ಟಿ, "ಮುದಕೀ, ಇವತ್ತೊಂದಿನ ಮರ್ಯಾದಿ ಉಳಸವ್ವಾ" ಎಂದು ಚಾವಿ ತಿರುಗಿಸುವನು. ಕ್ಲಚ್ ಹೋಗಿದೆ ಎಂದು ಮೇಲಿನವರಿಗೆ ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಬರುತ್ತಿದ್ದ ಉತ್ತರ ಒಂದೇ.

"ಹೊಸಾ ಗಾಡಿ ಬಂದಾವಲ್ಲೋ, ಹಳೀದಕ್ಕ ಯಾಕ ಖರ್ಚ ಮಾಡೂದು?"

ಬಂದಿದ್ದವು, ಸುಳ್ಳಲ್ಲ. ಬಂದು ನಿಂತಿದ್ದವು.

ಶ್ರಾವಣ ಹುಟ್ಟಿದ ಮೇಲೆ ಒಂದು ಸೋಮವಾರಕ್ಕೆ ಮುಹೂರ್ತ ಇಟ್ಟರು. ನನಗೆ ಕೆಲಸ ಕಲಿಸುತ್ತಿದ್ದ ಹಿರಿಯ, ಶಿವಶರಣಣ್ಣ, ಹೊಸ ಯೂನಿಫಾರ್ಮ್ ತೊಟ್ಟು ಮೈದಾನಕ್ಕೆ ಬರಬೇಕೆಂದು ಹುಕುಂ ಬಂತು. ಕಲಿಯುವವರನ್ನು ಗಾಡಿಯಲ್ಲಿ ಒಂಟಿಯಾಗಿ ಬಿಡಬಾರದು ಎಂಬುದು ಇಲಾಖೆಯದೇ ನಿಯಮ. ಶಿವಶರಣಣ್ಣ ಸಮಾರಂಭದ ಉಸ್ತುವಾರಿ ಹೊತ್ತಿದ್ದ ಮಹೇಶಕುಮಾರ್ ಎಂಬ ಅಧಿಕಾರಿಗೆ ನನ್ನೆದುರೇ ಫೋನ್ ಮಾಡಿದ.

"ಸರ್, ಹುಡುಗಿ ಒಬ್ಬಾಕೇ ಆಗ್ತಾಳ್ರಿ. ಇನ್ನಾ ಕಲ್ಯಾಕತ್ಯಾಳ."

"ಒಂದಿನಾ ನಡೀತದ ಬಿಡೋ. ನಾಲ್ಕ ಗಾಡಿ ಮುಂದ ನಾಲ್ಕ ಮಂದಿ ಯೂನಿಫಾರ್ಮ್‌ನ್ಯಾಗ ನಿಂದ್ರಬೇಕು. ಫೋಟೋದಾಗ ಖಾಲಿ ಕಾಣಬಾರದು."

ಫೋಟೋ ತುಂಬಿತು. ಗಾಡಿ ಖಾಲಿಯಾಯಿತು.

ಸೋಮವಾರ ಬೆಳಿಗ್ಗೆ ಕರೆ ಬಂದದ್ದು ತಿಂಥಣಿಯ ಆಚೆ, ಹೊಳೆದಂಡೆಯ ಒಂದು ಕೇರಿಯಿಂದ. ಹಣಮಂತಮ್ಮ ಎಂಬ ಹೆಂಗಸು ದಾರಿಗೇ ಬಂದು ನಿಂತಿದ್ದಳು. ಮಗ ಬಲೆ ಎತ್ತಲು ಹೊಳೆಗೆ ಹೋಗಿದ್ದ. ಸೊಸೆ ಭಾರತಿ ನಸುಕಿನಲ್ಲಿ ಮನೆಯಲ್ಲೇ ಹೆತ್ತಿದ್ದಳು. ಹೆಣ್ಣು ಕೂಸು, ಗಟ್ಟಿಯಾಗಿ ಅಳುತ್ತಿತ್ತು. ತಾಯಿ ಮಾತ್ರ ಚಾಪೆಯ ಮೇಲೆ ಬಿಳಿಚಿ ಬಿದ್ದಿದ್ದಳು. ಕೌದಿಯ ಮೇಲೆ ಕೌದಿ ತೊಯ್ದಿತ್ತು.

"ಹಡದಾಕಿಗೆ ನೆತ್ತರಾ ಹೋಗೂದು ಹೋಗ್ತದಂತ ಸುಮ್ಮಿದ್ದೆ ಯವ್ವಾ," ಎಂದಳು ಹಣಮಂತಮ್ಮ. "ಇದು ನಿಂದ್ರವಲ್ದು."

ಹೊಟ್ಟೆ ಮುಟ್ಟಿ ನೋಡಿದೆ. ಹೆತ್ತ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಬಿಗಿಯಬೇಕು. ಬಿಗಿದರೆ ರಕ್ತ ನಿಲ್ಲುತ್ತದೆ. ಭಾರತಿಯದು ನಾದಿದ ಹಿಟ್ಟಿನಂತೆ ಮೆತ್ತಗಿತ್ತು. ಹೊಕ್ಕುಳ ಕೆಳಗೆ ಅಂಗೈ ಇಟ್ಟು ಒತ್ತಿ ತಿಕ್ಕಿದೆ. ನಿಧಾನವಾಗಿ ಗಟ್ಟಿಯಾಯಿತು, ರಕ್ತ ಕಡಿಮೆಯಾಯಿತು. ಕೈ ತೆಗೆದರೆ ಮತ್ತೆ ಮೆತ್ತಗಾಗಿ ಹರಿಯುತ್ತಿತ್ತು. ಅಂದರೆ, ನನ್ನ ಕೈ ಆ ಹೊಟ್ಟೆಯ ಮೇಲೆ ಇರುವತನಕ ಭಾರತಿ ಇರುತ್ತಾಳೆ. ಅಷ್ಟೇ ಲೆಕ್ಕ. ಗಾಡಿಗೆ ಹತ್ತಿಸುವಾಗಲೂ ನಾನು ಕೈ ಎತ್ತಲಿಲ್ಲ.

ದಾರಿಯಲ್ಲಿ ಸಿಕ್ಕ ಆಸ್ಪತ್ರೆಯಲ್ಲಿ ನರ್ಸಮ್ಮ ಓಡಿ ಬಂದು ಇಂಜೆಕ್ಷನ್ ಕೊಟ್ಟಳು, ಸಲೈನ್ ಹಚ್ಚಿದಳು. ಡಾಕ್ಟರು ಇರಲಿಲ್ಲ.

"ಎಲ್ಲಿ ಹೋಗ್ಯಾರ?"

"ಶಹಾಪುರಕ್ಕ. ಸ್ಟೇಜ್ ಮ್ಯಾಲ ಕುಂದ್ರಾಕ," ಎಂದಳು ನರ್ಸಮ್ಮ ತಲೆ ಎತ್ತದೆ. "ಯಾದಗಿರಿಗೆ ಒಯ್ರಿ. ರಕ್ತಾ ಅಲ್ಲೇ ಸಿಗ್ತದ. ಜಲ್ದಿ."

ಮುದುಕಿ ಸುರಪುರ ದಾಟಿದಳು. ಶಹಾಪುರವನ್ನೂ ಹೊಕ್ಕಳು. ಊರ ನಡುವೆ, ಮೈದಾನದ ಮೈಕಿನ ಹಾಡು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ, ಕೆಳಗೆ ಏನೋ ಕಡಿದ ಸದ್ದಾಯಿತು. ಗಾಡಿ ತೇಲಿದ ಹಾಗೆ ಸ್ವಲ್ಪ ದೂರ ಹೋಗಿ ಒಂದು ಚಹಾ ಅಂಗಡಿಯ ಮುಂದೆ ನಿಂತುಬಿಟ್ಟಿತು. ಎಂಜಿನ್ ಕೂಗುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ.

"ಕ್ಲಚ್ ಹೋತು," ಎಂದ ಮರಿಲಿಂಗ. ಅವನ ದನಿಯಲ್ಲಿ ಆಶ್ಚರ್ಯವಿರಲಿಲ್ಲ.

"ಬ್ಯಾರೆ ಗಾಡಿ?"

"ಬ್ಯಾರೆ ಗಾಡಿ ವಡಗೇರಾ ಕಡಿ ಅದ. ಅದು ಬರೂತನಾ..." ಅವನು ಭಾರತಿಯ ಮುಖ ನೋಡಿದ. ಮಾತು ಮುಗಿಸದೆ ಮೈದಾನದ ಕಡೆ ಓಡಿದ.

ಓಡಿದಷ್ಟೇ ಬೇಗ ಬರಿಗೈಯಲ್ಲಿ ಬಂದ. "ನಿಶಾನಿ ಆಗೂತನಾ ಗಾಡಿ ಅಲುಗಾಡಂಗಿಲ್ಲಂತ. ಹಳೀ ಗಾಡಿ ರಿಪೇರಿ ಮಾಡ್ಸು ಅಂತಾನ ಆ ಮಹೇಶಕುಮಾರ, ಮಗ!"

ಭಾರತಿ ಕಣ್ಣು ಅರೆ ತೆರೆದು, "ಅಕ್ಕಾ, ಕೂಸಿಗಿ ಹಾಲ ಕುಡಸಿಲ್ಲ," ಎಂದಳು. ಅವಳಿಗೆ ಅದೊಂದೇ ಚಿಂತೆ.

"ಮರಿಲಿಂಗಣ್ಣಾ, ಸ್ಟ್ರೆಚರ್ ಇಳಸು."

"ಎಲ್ಲಿಗಿ?"

"ಅಲ್ಲಿಗೇ. ಗಾಡಿ ಬರಂಗಿಲ್ಲಂದ್ರ ನಾವ ಹೋಗೂಣು."

ಚಹಾ ಅಂಗಡಿಯವರು ಲೋಟ ಬಿಟ್ಟು ಎದ್ದು ಬಂದರು. ಸ್ಟ್ರೆಚರಿನ ಒಂದು ಗಾಲಿ ಎಂದೋ ಹೋಗಿತ್ತು, ಆ ಮೂಲೆಯನ್ನು ಒಬ್ಬ ಹೆಗಲಿಗೆ ಕೊಟ್ಟ. ಇನ್ನೊಬ್ಬ ಸಲೈನ್ ಬಾಟಲಿ ಎತ್ತಿ ಹಿಡಿದ. ನಾನು ಭಾರತಿಯ ಹೊಟ್ಟೆಯ ಮೇಲೆ ಕೈ ಒತ್ತಿಕೊಂಡೇ ಅಡ್ಡಡ್ಡ ಹೆಜ್ಜೆ ಹಾಕುತ್ತ ನಡೆದೆ. ಹಿಂದೆ ಹಣಮಂತಮ್ಮ, ಸೆರಗಿನಲ್ಲಿ ಕೂಸು.

ಮೈದಾನದ ಬಾಗಿಲಿನಿಂದ ವೇದಿಕೆಯವರೆಗೆ ಕೆಂಪು ಹಾಸು ಹಾಸಿದ್ದರು. ಬೇರೆ ದಾರಿ ಇರಲಿಲ್ಲ, ಉಳಿದದ್ದೆಲ್ಲ ಕುರ್ಚಿ. ನಾವು ಹಾಸಿನ ಮೇಲೆಯೇ ನಡೆದೆವು. ಹಾಡು ನಿಂತಿತು. ವೇದಿಕೆಯ ಮೇಲೆ ಕೂತಿದ್ದ ಡಾಕ್ಟರು ಎದ್ದರೋ ಇಲ್ಲವೋ ನಾನು ನೋಡಲಿಲ್ಲ. ನಾಲ್ಕು ಗಾಡಿಗಳು ಬಾಳೆಕಂಬ, ಚೆಂಡುಹೂವು ಕಟ್ಟಿಸಿಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು. ಒಂದೊಂದರ ಮುಂದೆಯೂ ರಿಬ್ಬನ್ನು.

ಬಿಳಿ ಅಂಗಿಯ ಮಹೇಶಕುಮಾರ್ ಎರಡೂ ಕೈ ಅಗಲಿಸಿ ಅಡ್ಡ ಬಂದ.

"ಏಯ್, ಏಯ್, ಇದೇನಿದು? ಇಲ್ಲಲ್ಲ, ಇಲ್ಲಲ್ಲ! ಸಾಹೇಬ್ರು ದೋರನಹಳ್ಳಿ ತನಾ ಬಂದಾರ."

"ಸರ್, ಒಂದ ಗಾಡಿ ಕೊಡ್ರಿ. ಯಾದಗಿರಿಗಿ ಹೋಗಬೇಕು."

"ನಾಲ್ಕ ಗಾಡಿ ಅಂತ ಕಾರ್ಡಿನ್ಯಾಗ ಪ್ರಿಂಟ್ ಆಗ್ಯಾದವ್ವ. ಮೂರ ನಿಂತ್ರ ಏನ್ ಜವಾಬ ಕೊಡ್ಲಿ ನಾ?" ಅವನು ಭಾರತಿಯನ್ನು ನೋಡಿದ. ಏನೋ ಹೊಳೆದವನಂತೆ ಅವನ ಮುಖ ಅರಳಿತು. "ತಡೀ. ಹಿಂಗ ಮಾಡೂಣು. ಸಾಹೇಬ್ರು ಈಗ ಬಂದ ಬಿಡ್ತಾರ. ಅವ್ರ ಕೈಲೇ ನಿಶಾನಿ ತೋರ್ಸಿ, ಇಕೀನ್ನೇ ಮೊದಲನೇ ಪೇಶಂಟ್ ಅಂತ ಕಳಸೂಣು. ಪೇಪರ್‌ನ್ಯಾಗ ಛಲೋ ಬರ್ತದ. ನಿಮ್ಮ ಕೆಲಸಾನೂ ಆಗ್ತದ."

ಇದನ್ನು ಅವನು ಉಪಕಾರವೆಂದೇ ಹೇಳಿದ. ಅದೇ ನನ್ನನ್ನು ಇವತ್ತಿಗೂ ಮಲಗಲು ಬಿಡುವುದಿಲ್ಲ. ಅವನು ದುಷ್ಟನಾಗಿದ್ದರೆ ಬೈದು ಮುಗಿಸಬಹುದಿತ್ತು. ಅವನ ಕಣ್ಣಿಗೆ ಹೊಳೆದಂಡೆಯ ಹೆಂಗಸೊಬ್ಬಳ ನೆತ್ತರು ಕೂಡ ಸಮಾರಂಭದ ಸಾಮಾನಾಗಿ ಕಂಡಿತ್ತು. ತೆಂಗಿನಕಾಯಿ ಇದೆ, ಕುಂಕುಮ ಇದೆ, ಇದೂ ಇರಲಿ.

"ಆಯ್ತು ಸರ್," ಎಂದೆ. "ಬರ್ರಿ, ಇಲ್ಲಿ ಕೈ ಇಡ್ರಿ."

"ಏನು?"

"ನಾ ಕೈ ತಗದ್ರ ಇಕಿ ಸಾಯ್ತಾಳ. ಸಾಹೇಬ್ರು ಬರೂತನಾ ನೀವ ಒತ್ತಿ ಹಿಡೀರಿ. ಫೋಟೋ ನಿಮ್ದ ಬರ್ಲಿ."

ಅವನು ತನ್ನ ಅಂಗಿ ನೋಡಿಕೊಂಡ. ಒಂದು ಹೆಜ್ಜೆ ಹಿಂದೆ ಸರಿದ.

ನಾಲ್ಕೂ ಚಾವಿಗಳು ಹಿತ್ತಾಳೆಯ ತಟ್ಟೆಯಲ್ಲಿ ಹೂವಿನ ನಡುವೆ ಇದ್ದವು. ಸಾಹೇಬರು ಎತ್ತಿ ಡ್ರೈವರುಗಳ ಕೈಗೆ ಕೊಡಬೇಕಾದ ಚಾವಿಗಳು. ತಟ್ಟೆ ಹಿಡಿದು ನಿಂತಿದ್ದವನು ಶಿವಶರಣಣ್ಣ. ಅವನಿಗೆ ಮೂರು ಮಕ್ಕಳು, ಗುತ್ತಿಗೆಯ ನೌಕರಿ. ಅವನು ಮಹೇಶಕುಮಾರನನ್ನು ನೋಡಿದ. ಸ್ಟ್ರೆಚರಿನ ಅಂಚಿನಿಂದ ಕೆಂಪು ಹಾಸಿನ ಮೇಲೆ ತೊಟ್ಟಿಕ್ಕಿ, ಹಾಸಿನ ಬಣ್ಣದಲ್ಲಿ ಕಾಣದೇ ಹೋಗುತ್ತಿದ್ದದ್ದನ್ನು ನೋಡಿದ. ಒಂದು ಚಾವಿ ಎತ್ತಿ ಮರಿಲಿಂಗನತ್ತ ಎಸೆದ.

"ಹಿಡೀರಿ ಸರ್," ಎಂದು ತಟ್ಟೆಯನ್ನು ಮಹೇಶಕುಮಾರನ ಕೈಗೇ ಕೊಟ್ಟು, ಸ್ಟ್ರೆಚರನ್ನು ಹೊಸ ಗಾಡಿಗೆ ಏರಿಸಿ ನಮ್ಮ ಜೊತೆ ಹತ್ತಿದ.

"ಶಿವಶರಣ! ನಿನ್ನ ನೌಕರಿ ನೋಡ್ಕೋ!" ತಟ್ಟೆ ಹಿಡಿದ ಮನುಷ್ಯ ಅಲ್ಲಿಂದಲೇ ಕೂಗಿದ. ತಟ್ಟೆಯನ್ನು ಕೆಳಗಿಡಲು ಅವನಿಗೆ ಧೈರ್ಯವಾಗಲಿಲ್ಲ.

ಸೀಟಿನ ಪ್ಲಾಸ್ಟಿಕ್ ಹರಿಯುತ್ತ ಶಿವಶರಣಣ್ಣ ಆಕ್ಸಿಜನ್ ತಿರುಗಿಸಿದ. ಸದ್ದೇ ಇಲ್ಲ. ಸಿಲಿಂಡರಿಗೆ ಬಣ್ಣ ಹಚ್ಚಿದ್ದರು, ಗಾಳಿ ತುಂಬಿರಲಿಲ್ಲ. ಚಹಾ ಅಂಗಡಿಯವನೊಬ್ಬ ಓಡಿ ಹೋಗಿ ಮುದುಕಿಯ ಸಿಲಿಂಡರನ್ನು ಕಂಕುಳಲ್ಲಿ ಇರುಕಿಕೊಂಡು ತಂದ. ಮರಿಲಿಂಗ ಗಾಡಿ ಬಿಟ್ಟ. ರಿಬ್ಬನ್ನು ಬಂಪರಿಗೆ ಸಿಕ್ಕಿ ಪಟ್ಟನೆ ಹರಿಯಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು, ಕಾರ್ಯಕ್ರಮ ಶುರುವಾಯಿತೆಂದು ತಿಳಿದಿರಬೇಕು.

ಯಾದಗಿರಿ ರಸ್ತೆಯಲ್ಲಿ ಪೊಲೀಸರು ಎಲ್ಲ ಗಾಡಿಗಳನ್ನೂ ಅಂಚಿಗೆ ತಳ್ಳಿ ನಿಲ್ಲಿಸಿದ್ದರು. ಬಸ್ಸು, ಟಂಟಂ, ಹತ್ತಿ ಬೀಜದ ಲಾರಿ, ಎಲ್ಲ. ಸಾಹೇಬರ ಕಾರುಗಳ ಸಾಲು ಎದುರಿನಿಂದ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಮುದುಕಿಯನ್ನು ತಡೆದು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೆ, ಒಳಗೆ ಹೃದಯಾಘಾತದ ಮನುಷ್ಯ ಇದ್ದಾಗಲೂ. ಆದರೆ ಇವತ್ತು ನಮ್ಮ ಮುಂದೆ ಬಾಳೆಕಂಬ ಆಡುತ್ತಿತ್ತು, ಮುಂಗಾಜಿನ ಮೇಲೆ ಚೆಂಡುಹೂವಿನ ಮಾಲೆ. ಪೊಲೀಸಿನವನು ನೋಡಿದವನೇ ಎದೆ ಸೆಟೆಸಿ ಸೆಲ್ಯೂಟ್ ಹೊಡೆದು, ಬಿಡ್ರಿ ಬಿಡ್ರಿ ಎಂದು ದಾರಿ ಮಾಡಿಸಿದ. ಸಮಾರಂಭದ ಗಾಡಿ ಎಂದುಕೊಂಡ.

ಅಲಂಕಾರಕ್ಕೆ ದಾರಿ ಸಿಕ್ಕಿತು. ನೆತ್ತರಿಗಲ್ಲ.

"ನಗಬ್ಯಾಡ ಆಮೀನಾ," ಎಂದ ಶಿವಶರಣಣ್ಣ, ಎರಡನೇ ಸಲೈನಿಗೆ ಭಾರತಿಯ ಕೈಯಲ್ಲಿ ನರ ಹುಡುಕುತ್ತ.

ನಾನು ನಗುತ್ತಿರಲಿಲ್ಲ. ಹಾಗೆ ಕಾಣುತ್ತಿತ್ತೇನೋ.

ನರ್ಸಮ್ಮ ಮೊದಲೇ ಫೋನ್ ಮಾಡಿದ್ದಳು, ಯಾದಗಿರಿಯ ದೊಡ್ಡಾಸ್ಪತ್ರೆಯವರು ಕಾಯುತ್ತಲೇ ಇದ್ದರು. ಡಾಕ್ಟರಮ್ಮ ನನ್ನ ಕೈಯ ಪಕ್ಕ ತನ್ನ ಕೈ ಇಟ್ಟು, "ನೀನು ಬಿಡು, ನಾ ಹಿಡದೀನಿ," ಎಂದಾಗಷ್ಟೇ ನಾನು ಕೈ ತೆಗೆದದ್ದು. ಬೆರಳು ಮಡಚಲು ಬರುತ್ತಿರಲಿಲ್ಲ. ಭಾರತಿಯನ್ನು ಆಪರೇಷನ್ ಕೋಣೆಯೊಳಗೆ ಒಯ್ದರು. ನಾವು ಹೊರಗೆ ಕೂತೆವು. ಕೂಸು ಅತ್ತು ಅತ್ತು ಮಲಗಿತು.

ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದಳು. "ಉಳೀತಾಳ. ಆದ್ರ ಗರ್ಭಕೋಶ ತಗೀಬೇಕಾತು. ಇನ್ನಷ್ಟು ಜಲ್ದಿ ತಂದಿದ್ರ ಅದನ್ನೂ ಉಳಸ್ತಿದ್ವಿ."

ಭಾರತಿಗಿನ್ನೂ ಇಪ್ಪತ್ತರ ಪ್ರಾಯ. ಹಣಮಂತಮ್ಮ ಡಾಕ್ಟರಮ್ಮನಿಗೆ ಕೈ ಮುಗಿದಳು. ಆಮೇಲೆ ನನಗೂ, ಶಿವಶರಣಣ್ಣನಿಗೂ, ಮರಿಲಿಂಗನಿಗೂ.

"ಒಂದ ಕೂಸ ಅದಲ್ಲ, ಸಾಕು ಬಿಡ್ರಿ. ತಾಯಿ ಉಳಿದ್ಳಲ್ಲ. ನಿಮ್ಮ ಪುಣ್ಯಾ."

"ಕೈ ಮುಗೀಬ್ಯಾಡ ಬೇ," ಎಂದೆ. ನನ್ನ ದನಿ ಏರಿತ್ತು. "ಆ ಗಾಡಿ ನಿಂದು. ಎರಡ ತಿಂಗಳಾತು, ನಿಂದಾ ಗಾಡಿ ಅದು. ಮೊದಲಾ ಬರಬೇಕಿತ್ತು ನಿನ್ನ ಬಾಗಲಿಗಿ. ಕೈ ಮುಗೀಬ್ಯಾಡ, ಜವಾಬ ಕೇಳು."

ಅವಳು ನನ್ನನ್ನು ಕನಿಕರದಿಂದ ನೋಡಿದಳು, ದಣಿದ ಹುಡುಗಿ ಏನೋ ಬಡಬಡಿಸುತ್ತಿದ್ದಾಳೆ ಎಂಬಂತೆ. ಬೇಡುವುದನ್ನು ಅವಳಿಗೆ ತಲೆಮಾರುಗಳಿಂದ ಕಲಿಸಿದ್ದರು. ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

ಮರಿಲಿಂಗನ ಫೋನ್ ಬಡಿದುಕೊಂಡಿತು. ಮಹೇಶಕುಮಾರ್. ಎಲ್ಲರಿಗೂ ಕೇಳುವಂತೆ ಇಟ್ಟ.

"ಎಲ್ಲಿದ್ದೀರಲೇ? ಮೂರ ಗಾಡಿಗಿ ನಿಶಾನಿ ಆಗ್ಯಾದ, ಒಂದ ಬಾಕಿ. ಸಾಹೇಬ್ರು ಊಟಕ್ಕ ಕುಂತಾರ. ಅಷ್ಟರಾಗ ಒಳಗ ಹೊರಗ ತೊಳದು, ಹೊಸಾ ಬಾಳಿಕಂಬ ಕಟ್ಟಿ, ಅದಾ ಜಾಗಾದಾಗ ತಂದ ನಿಂದ್ರಸ್ರಿ. ಹೊಸಾ ರಿಬ್ಬನ್ ತರಿಸೀನಿ. ಪ್ಲಾಸ್ಟಿಕ್ ಇದ್ರ ಮತ್ತ ಹೊಚ್ಚರಿ. ಆ ಹುಡುಗೀಗಿ ಹೇಳು, ಅಕಿ ಟ್ರೇನಿಂಗ್ ಇವತ್ತಿಗೆ ಖಲಾಸ್. ಸರ್ಟಿಫಿಕೇಟು ಹ್ಯಾಂಗ ತಗೋತಾಳ ನಾನೂ ನೋಡ್ತೀನಿ."

ಭಾರತಿ ಉಳಿದಳೋ ಎಂದು ಅವನು ಕೇಳಲಿಲ್ಲ.

ಅದೇ ಹೊತ್ತಿಗೆ ಮುದುಕಿಯ ಡ್ಯೂಟಿ ಫೋನು, ನನ್ನ ಕಿಸೆಯಲ್ಲಿದ್ದದ್ದು, ಕೂಗಿತು. ವಡಗೇರಾ ರಸ್ತೆಯಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ತುಂಬಿಕೊಂಡಿದ್ದ ಟ್ರ್ಯಾಕ್ಟರ್ ಮಗುಚಿತ್ತು. ಆ ಕಡೆಯ ಗಾಡಿ ತನಗೆ ಹಿಡಿಸಿದಷ್ಟು ಮಂದಿಯನ್ನು ಹೊತ್ತು ಹೋಗಿತ್ತು, ಇನ್ನೂ ಮಂದಿ ಬಿದ್ದಿದ್ದರು.

ಮೂವರೂ ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿದೆವು. ಒಂದು ಬಾಳೆಕಂಬ ದಾರಿಯಲ್ಲಿ ಬಿದ್ದುಹೋಗಿತ್ತು. ಇನ್ನೊಂದು ಮುರಿದು ಜೋತಾಡುತ್ತಿತ್ತು. ಶಹಾಪುರ ಒಂದು ಕಡೆ, ವಡಗೇರಾ ಇನ್ನೊಂದು ಕಡೆ.

ಶಿವಶರಣಣ್ಣ ಮುರಿದ ಕಂಬವನ್ನು ಕಿತ್ತು ಗೋಡೆಯ ಬದಿಗೆ ಎಸೆದ. ನಾನು ಒಳಗಿನ ರಕ್ತ ಒರೆಸಿ, ಸ್ಟ್ರೆಚರಿಗೆ ಆಸ್ಪತ್ರೆಯ ಬೇರೆ ಚಾದರ ಹಾಸಿದೆ. ಮರಿಲಿಂಗ ಸ್ಟೇರಿಂಗ್ ಮುಟ್ಟಿದ. ಹೊಸ ಗಾಡಿಗೆ ಏನೆನ್ನಬೇಕೆಂದು ತೋಚದೆ ಸುಮ್ಮನೆ ಚಾವಿ ತಿರುಗಿಸಿದ.

ವಡಗೇರಾ ರಸ್ತೆಯಲ್ಲಿ ವೈಪರಿನಿಂದ ಮಾಲೆ ಹಾರಿ ಹೋಗುವಾಗ ಮತ್ತೆ ಮಹೇಶಕುಮಾರನ ಕರೆ. ಈ ಸಲ ಫೋನ್ ನಾನೇ ಎತ್ತಿದೆ.

"ಎಲ್ಲಿ ತನಾ ಬಂದ್ರಿ? ಸಾಹೇಬ್ರು ಕೈ ತೊಳ್ಕೋಳಾಕತ್ತಾರ! ನಿಶಾನಿ ಕೈಯಾಗ ಹಿಡ್ಕೊಂಡ ಕುಂತೀನಿ ನಾ!"

"ಹಿಡ್ಕೊಂಡ ಕುಂದರ್ರಿ ಸರ್," ಎಂದೆ. "ಗಾಡಿ ಓಡಾಕತ್ತದ."