ಖಣಕ್ಕೆ ಕತ್ತರಿ ಬೀಳುವವರೆಗೆ

ಒಂದು ಊರಿತ್ತು, ಆ ಊರಿನಲ್ಲೊಬ್ಬ ಬೆಸುಗೆಯವನಿದ್ದ, ಅವನ ಹೆಂಡತಿಯ ಕಾಲುಗಳ ಬಲವನ್ನು ಯಾರೋ ಕದ್ದೊಯ್ದಿದ್ದರು. ಅಜ್ಜಿಯರಾದರೆ ನನ್ನ ಕಥೆಯನ್ನು ಹೀಗೇ ಶುರುಮಾಡುತ್ತಿದ್ದರು. ಊರು ಹುಬ್ಬಳ್ಳಿ, ಬೆಸುಗೆಯವನು ಮೌನೇಶ, ಹೆಂಡತಿ ಕಸ್ತೂರಿ. ಕದ್ದದ್ದು ರಾಕ್ಷಸನಲ್ಲ; ನರಗಳ ಹೊದಿಕೆಯನ್ನೇ ತಿನ್ನುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ. ನಾನು ಅವಳನ್ನು ನಿಲ್ಲಿಸಲೆಂದು ಹುಟ್ಟಿದ ಕಬ್ಬಿಣದ ಚೌಕಟ್ಟು.

ಆಸ್ಪತ್ರೆಯಲ್ಲಿ ಅಂಥದ್ದೊಂದನ್ನು ನೋಡಿ ಬಂದ ಮೌನೇಶ, ತನ್ನ ಅಂಗಡಿಯ ಗೇಟು ಗ್ರಿಲ್ಲುಗಳ ಕೆಲಸದ ನಡುವೆ ನನ್ನನ್ನು ಬೆಸೆದು ಕೂಡಿಸಿದ. ಮೊಣಕಾಲು ಆನಿಸಲು ರೆಕ್ಸಿನ್ ದಿಂಬು, ಸೊಂಟದ ಹಿಂದೆ ಅಗಲವಾದ ಪಟ್ಟಿ, ಎದೆಯ ಮುಂದೊಂದು ಹಲಗೆ. ಪಕ್ಕದ ಹಿಡಿಕೆ ತಿರುಗಿಸಿದರೆ ಪಟ್ಟಿ ಅವಳನ್ನು ಗಾಲಿಕುರ್ಚಿಯಿಂದ ಮೇಲೆತ್ತಬೇಕು. ಬಣ್ಣ ಬಳಿಯುತ್ತ ಅವನು ನನಗೆ ಹೇಳಿದ: “ಅವ್ವನ ಖಣಕ್ಕ ಆಕಿ ನಿಂತು ಕತ್ತರಿ ಹಾಕಬೇಕು ನೋಡು. ನಿನ್ನ ಕೆಲಸ ಅಷ್ಟ.”

ನಾನು ಮನಸ್ಸಿನಲ್ಲೇ ಮಾತು ಕೊಟ್ಟೆ.

ಕಸ್ತೂರಿ ಹೊಲಿಗೆಯವಳು. ಕುಳಿತೇ ಕೈಮಿಷನ್ನು ತಿರುಗಿಸಬಲ್ಲಳು. ಆದರೆ ಬಟ್ಟೆ ಕತ್ತರಿಸಲು ಮೇಲಿನಿಂದ ಬಾಗಿ ನೋಡಬೇಕು. ಗಾಲಿಕುರ್ಚಿಯಲ್ಲಿ ಕುಳಿತು ಕತ್ತರಿಸಿದ ಯಾರದೋ ಕುಪ್ಪಸ ಸೊಟ್ಟಗಾದ ಮೇಲೆ ಅವಳು ಕತ್ತರಿ ಮುಟ್ಟಿರಲಿಲ್ಲ. ಅತ್ತೆ ಕಾಳವ್ವ ಕುಪ್ಪಸಕ್ಕೆಂದು ತಂದಿಟ್ಟ ಗುಳೇದಗುಡ್ಡದ ಖಣ ಪೆಟ್ಟಿಗೆಯಲ್ಲೇ ಉಳಿದಿತ್ತು. ಬೇರೆಯವರ ಹತ್ತಿರ ಹೊಲಿಸೆಂದರೆ ಮುದುಕಿ, “ಮಂದಿ ಹೊಲದದ್ದು ನನಗ ಚುಚ್ಚತೈತಿ” ಎನ್ನುತ್ತಿದ್ದಳು.

ನಾನು ಮನೆಗೆ ಬಂದ ದಿನ ಕಾಳವ್ವ ನನಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ದಿಂಬುಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ತೆಗೆಯಗೊಡಲಿಲ್ಲ. “ಹೊಸಾದೈತಿ. ಇರಲಿ ಬಿಡು, ಹೊಲಸಾಕ್ಕೈತಿ.” ಆ ಮನೆಯ ರಿಮೋಟು, ಕುರ್ಚಿ, ಗೋಡೆಯ ಗಡಿಯಾರ ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ ಮುದಿಯಾಗಿದ್ದವು.

ಹಿಡಿಕೆ ತಿರುಗಿತು. ಕಸ್ತೂರಿ ಅರ್ಧ ಎದ್ದಳು. ಅಷ್ಟರಲ್ಲಿ ಮೊಣಕಾಲು ನುಣುಪಿನ ಮೇಲೆ ಜಾರಿ, ಅವಳು ಪಟ್ಟಿಯಲ್ಲಿ ಮೂಟೆಯಂತೆ ನೇತಾಡಿದಳು.

“ಸಾಕ್ರಿ,” ಎಂದಳು ಮೆಲ್ಲಗೆ. “ಇನ್ನೊಮ್ಮಿ ಬ್ಯಾಡ.”

ಮೌನೇಶ ತನ್ನ ಅಳತೆಯೇ ತಪ್ಪಿತೆಂದುಕೊಂಡು ನನ್ನ ಕಡೆ ನೋಡುವುದನ್ನೇ ಬಿಟ್ಟ. ನಾನು ಮೂಲೆ ಸೇರಿದೆ. ಮೈಮೇಲೆ ಟವೆಲುಗಳು ಒಣಗಿದವು, ಕೊಡೆ ಜೋತುಬಿತ್ತು. ಅವನು ಅಂಗಡಿಗೆ, ಮುದುಕಿ ನೆರೆಮನೆಗೆ ಹೋದ ಮೇಲೆ ನಾವಿಬ್ಬರೇ. ಅವಳು ಕಿಟಕಿಯನ್ನು ನೋಡುತ್ತಿದ್ದಳು, ನಾನು ಅವಳನ್ನು. ಒಬ್ಬರನ್ನು ಅಪ್ಪಿ ಹಿಡಿಯಲೆಂದೇ ಹುಟ್ಟಿದವನಿಗೆ ಖಾಲಿ ಪಟ್ಟಿ ಎಷ್ಟು ಭಾರವೆಂದು ಯಾರಿಗೆ ಹೇಳಲಿ?

ಒಂದು ಬೆಳಿಗ್ಗೆ ಟವೆಲು ಎಳೆದುಕೊಳ್ಳಲು ಬಂದ ಕಸ್ತೂರಿಯ ಬೆರಳು ನನ್ನ ದಿಂಬಿನ ಮೇಲೆ ತಡೆದು ನಿಂತಿತು. ರೇಷ್ಮೆ ಜಾರದಿರಲೆಂದು ಮೇಜಿಗೆ ಸದಾ ಹಳೆಯ ದುಪ್ಪಟಿ ಹಾಸುತ್ತಿದ್ದ ಕೈ ಅದು. ಉಜ್ಜಿ ನೋಡಿದಳು, ಮತ್ತೆ ಉಜ್ಜಿದಳು.

“ಅತ್ತೀ, ಜಾರಿದ್ದು ನನ್ನ ಕಾಲಲ್ಲ. ನಿಮ್ಮ ಪ್ಲಾಸ್ಟಿಕ್.”

ಕಾಳವ್ವ ಬಂದು ತಾನೂ ಮುಟ್ಟಿ ನೋಡಿದಳು. ಮುಖ ಸಣ್ಣದಾಯಿತು. “ಹರಿ, ಹರದು ಒಗಿ. ಹೊಲಸಾದರ ನಾ ಒರಸ್ತೀನಿ.”

ಬಿಸಿಲೇರಿದರೆ ಕಸ್ತೂರಿಯ ಮೈ ಸೋತುಬಿಡುತ್ತದೆ. ಆದ್ದರಿಂದ ಹಾಳೆ ಹರಿದ ಮೇಲೆ ದಿನವೂ ಬೆಳಗಿನ ತಂಪಿನಲ್ಲೇ ಮೌನೇಶ ಹಿಡಿಕೆ ತಿರುಗಿಸುತ್ತಿದ್ದ. ಕೆಲವು ವಾರ ಅವಳು ಸುಮ್ಮನೆ ನಿಂತಳು, ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು. ತೊಡೆ ನಡುಗುವುದು ನನ್ನ ಕಬ್ಬಿಣಕ್ಕೂ ತಿಳಿಯುತ್ತಿತ್ತು. ಕಾಳವ್ವ ತಲೆಯೆತ್ತಿ, “ಎಷ್ಟ ಉದ್ದ ಅದೀಯವ್ವಾ ನೀ. ಮರತ ಬಿಟ್ಟಿದ್ನಿ,” ಎಂದಳು.

“ಹಂಗಾದರ ಪೆಟಗಿ ತಗೀರಿ,” ಎಂದಳು ಕಸ್ತೂರಿ.

ಹಲಗೆಯ ಮೇಲೆ ಖಣ ಹರಡಿತು. ಅವಳು ಬಾಗಿ ಗೆರೆ ಎಳೆದಳು. ಬೆನ್ನು, ಎದೆ, ಒಂದು ತೋಳು. ಎರಡನೆಯ ತೋಳಿಗೆ ಬರುವಷ್ಟರಲ್ಲಿ ಅವಳ ಭಾರವೆಲ್ಲ ನನ್ನ ಮೇಲಿತ್ತು. ಕತ್ತರಿ ಕೊನೆಯ ಎಳೆಯನ್ನು ದಾಟಿತು.

“ಇಳಸ್ಲೇನು?” ಎಂದ ಮೌನೇಶ.

“ತಡೀರಿ,” ಎಂದಳು. ನಾನು ಕೊಟ್ಟ ಮಾತು ಮುಗಿದಿತ್ತು. ಅವಳು ಇನ್ನೂ ನಿಂತೇ ಇದ್ದಳು.