ಹತ್ತೊಂಬತ್ತು ದಿನ ಕಾದ ಕಣ್ಣು

ಆರ್ಡಿತ್ ಪಾವೆಲ್ಕಾ ಅವರಿಗೆ ಜನವರಿ ಎರಡರವರೆಗೆ ಕಾಯಿರಿ ಎಂದು ಹೇಳಿದವನು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರೆಯುತ್ತಾ ಹೋದಂತೆ ನನಗೆ ಅನುಕೂಲವಾಗುವ ಹಾಗೆ ಮಾತು ತಿರುಗಿಸುವ ಆಸೆ ಹುಟ್ಟಬಹುದು.

ನಾವಿಬ್ಬರೂ ವಿಸ್ಕಾನ್ಸಿನ್‌ನಲ್ಲಿ, ಮಿಶಿಗನ್ ಸರೋವರದ ದಡದ ಒಂದು ಸಣ್ಣ ಊರಿನ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಪ್ರಯೋಗಾಲಯದ ಕೆಮಿಸ್ಟ್; ಎಲ್ಲರೂ ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಆರ್ಡಿತ್ ಬಣ್ಣ ಹೊಂದಿಸುವವರು, ನನಗಿಂತ ಹಿರಿಯ ಹೆಂಗಸು. ನಾನು ಕಾಲೇಜು ಮುಗಿಸಿ ಬಂದಾಗ ಅಲ್ಲಿ ಆಗಲೇ ಹದಿನಾರು ವರ್ಷ ದುಡಿದಿದ್ದರು. ಗಿರಾಕಿ ಒಂದು ತಗಡಿನ ಚೂರನ್ನೋ ಬಟ್ಟೆಯ ತುಂಡನ್ನೋ ಕಳಿಸಿ ಇದೇ ಬಣ್ಣ ಬೇಕು ಎನ್ನುತ್ತಿದ್ದ. ತೊಟ್ಟಿಯಲ್ಲಿ ಕಲಸಿದ ಬಣ್ಣವನ್ನು ಅರ್ಧ ಕಪ್ಪು, ಅರ್ಧ ಬಿಳಿಯ ಕಾರ್ಡಿನ ಮೇಲೆ ತೆಳುವಾಗಿ ಎಳೆದು, ದೀಪದ ಪೆಟ್ಟಿಗೆಯೊಳಗೆ ಗಿರಾಕಿಯ ಮಾದರಿಯ ಪಕ್ಕದಲ್ಲಿಟ್ಟು, ಮೂರು ಬಗೆಯ ಬೆಳಕಿನಲ್ಲಿ ನೋಡಿ, "ಇನ್ನೂ ಚೂರು ಹಳದಿ" ಎಂದೋ "ಸಾಕು" ಎಂದೋ ಹೇಳುವುದು ಆರ್ಡಿತ್ ಅವರ ಕೆಲಸ. ನೋಡುವ ಮೊದಲು ಎದುರಿನ ಬೂದು ಗೋಡೆಯನ್ನು ಒಂದು ನಿಮಿಷ ದಿಟ್ಟಿಸುತ್ತಿದ್ದರು. ಅದಕ್ಕೆ ಅವರು ಕಣ್ಣು ತೊಳೆಯುವುದು ಎನ್ನುತ್ತಿದ್ದರು.

ನನ್ನ ಹತ್ತಿರ ಬಣ್ಣವನ್ನು ಅಂಕಿಗಳಲ್ಲಿ ಅಳೆಯುವ ಯಂತ್ರವಿತ್ತು. ಯಂತ್ರಕ್ಕೂ ಆರ್ಡಿತ್‌ಗೂ ಒಮ್ಮತ ಬರದಿದ್ದರೆ ಕಾರ್ಖಾನೆ ಆರ್ಡಿತ್ ಮಾತನ್ನೇ ಕೇಳುತ್ತಿತ್ತು. ಹದಿನೈದು ವರ್ಷಗಳಲ್ಲಿ ಯಂತ್ರ ಗೆದ್ದದ್ದು ಎರಡೇ ಸಲ. ಆ ಎರಡೂ ದಿನಗಳ ತಾರೀಕು ನನಗಿಂತ ಅವರಿಗೇ ಚೆನ್ನಾಗಿ ನೆನಪಿತ್ತು.

ನಾನು ಆ ಸಲಹೆ ಕೊಟ್ಟದ್ದರ ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಕಂಪನಿ ನಮ್ಮ ಆರೋಗ್ಯ ವಿಮೆಯನ್ನು ಬದಲಿಸಿತ್ತು. ಊಟದ ಕೋಣೆಯಲ್ಲಿ ಎರಡು ಡಬ್ಬಿ ಡೋನಟ್ ಇಟ್ಟು ಸಭೆ ಕರೆದರು. ಅಲ್ಲಿಯವರೆಗೆ ಡಾಕ್ಟರ ಹತ್ತಿರ ಹೋದರೆ ಇಪ್ಪತ್ತೈದು ಡಾಲರಿಗೆ ಮುಗಿಯುತ್ತಿತ್ತು. ಹೊಸ ವಿಮೆಯಲ್ಲಿ ವರ್ಷದ ಮೊದಲ ನಾಲ್ಕು ಸಾವಿರ ಡಾಲರ್ ಖರ್ಚು ಪೂರ್ತಿ ನಮ್ಮದು. ಅದಕ್ಕೆ ಡಿಡಕ್ಟಿಬಲ್ ಎಂದು ಹೆಸರು. ಅದು ತುಂಬಿದ ಮೇಲಷ್ಟೇ ವಿಮಾ ಕಂಪನಿ ಕೈ ಬಿಚ್ಚುವುದು. ಡಿಸೆಂಬರ್ ಮೂವತ್ತೊಂದಕ್ಕೆ ಎಲ್ಲ ಅಳಿಸಿ, ಜನವರಿ ಒಂದರಂದು ಮತ್ತೆ ಸೊನ್ನೆಯಿಂದ ಶುರು.

"ಅಂದ್ರೆ ಮೊದ್ಲು ನಾವು ಸಾಯ್ಬೇಕು, ಆಮೇಲೆ ಇವರು ದುಡ್ಡು ಬಿಚ್ತಾರೆ" ಅಂದ ತೊಟ್ಟಿ ತೊಳೆಯುವ ಅರ್ವಿನ್ ಶುಲ್ಟ್ಸ್, ಡೋನಟ್ ಅಗಿಯುತ್ತಾ.

ನಾನು ಆ ವಾರಾಂತ್ಯ ಕೂತು ಒಂದು ಕೋಷ್ಟಕ ಮಾಡಿದೆ. ಯಾರೂ ಕೇಳಿರಲಿಲ್ಲ. ಅಂಕಿಗಳನ್ನು ಅಡ್ಡ ಉದ್ದ ಸಾಲಿನಲ್ಲಿ ಕೂರಿಸುವುದು ನನಗೆ ಇಷ್ಟ. ಕೋಷ್ಟಕದ ಸಾರ ಇಷ್ಟೇ: ಚಿಕಿತ್ಸೆಯನ್ನು ಎರಡು ವರ್ಷಗಳಿಗೆ ಹಂಚಬೇಡಿ, ಎಲ್ಲವನ್ನೂ ಒಂದೇ ವರ್ಷದೊಳಗೆ ತುರುಕಿ. ಅದನ್ನು ಕಾಫಿ ಯಂತ್ರದ ಮೇಲಿನ ಹಲಗೆಗೆ ಚುಚ್ಚಿದೆ. ಜನ ಬಂದು ಕೇಳತೊಡಗಿದರು. ಅರ್ವಿನ್ ಒಂದು ಮಂಡಿ ಮುಂದಿನ ವರ್ಷದ ಅಕ್ಟೋಬರಿನಲ್ಲಿ, ಇನ್ನೊಂದು ಅದರ ಮರುವರ್ಷದ ಮಾರ್ಚಿನಲ್ಲಿ ಬದಲಿಸಿಕೊಳ್ಳಬೇಕೆಂದಿದ್ದ. ಎರಡನ್ನೂ ಒಂದೇ ವರ್ಷದಲ್ಲಿ ಮಾಡಿಸು ಎಂದೆ. ಬೇಸಿಗೆಯೊಳಗೆ ಎರಡನ್ನೂ ಮಾಡಿಸಿಕೊಂಡ. ನಾಲ್ಕು ಸಾವಿರ ಉಳಿಯಿತು. ನವೆಂಬರಿನ ಬೇಟೆ ಮುಗಿದ ಮೇಲೆ ತಾನೇ ಮಾಡಿದ ಜಿಂಕೆ ಮಾಂಸದ ಸಾಸೇಜನ್ನು ನನ್ನ ಮೇಜಿನ ಮೇಲಿಟ್ಟು, "ಪ್ರೊಫೆಸರ್, ಈ ಜಿಂಕೆ ನಿನ್ನ ಲೆಕ್ಕದಿಂದಾನೇ ಬಿದ್ದಿದ್ದು ಕಣೋ. ಹೊಸ ಮಂಡಿ ಇಲ್ದಿದ್ರೆ ನಾನೆಲ್ಲಿ ಮರ ಹತ್ತಿ ಕೂರ್ತಿದ್ದೆ!" ಅಂದ. ಆಗ ನನಗಾದ ಹೆಮ್ಮೆ ಎಷ್ಟು ಎನ್ನುವುದನ್ನೂ ಬಚ್ಚಿಡಬಾರದು.

ಅದಾಗಿ ಮೂರು ವಾರಕ್ಕೆ, ಡಿಸೆಂಬರ್ ಹದಿನಾಲ್ಕರ ಬೆಳಿಗ್ಗೆ, ಆರ್ಡಿತ್ ಕೋಟು ಬಿಚ್ಚುವ ಮೊದಲೇ ನನ್ನ ಬಾಗಿಲಿಗೆ ಬಂದರು.

"ಲೋ ಪ್ರೊಫೆಸರ್, ನಿನ್ನ ಲ್ಯಾಬಲ್ಲಿ ನೊಣ ಸಾಕಿದೀಯಾ?"

"ಡಿಸೆಂಬರಲ್ಲಿ ಎಲ್ಲಿಯ ನೊಣ ಆರ್ಡಿತ್?"

"ಹಾಗಾದ್ರೆ ನನ್ನ ಕಣ್ಣಲ್ಲೇ ಇವೆ ಬಿಡು. ಎಡಗಣ್ಣಲ್ಲಿ, ನಿನ್ನೆಯಿಂದ. ಸಣ್ಣಸಣ್ಣ ಕಪ್ಪು ಚುಕ್ಕಿ, ನಾನು ಎತ್ತ ನೋಡಿದ್ರೆ ಅತ್ತ ಬರ್ತವೆ. ಇವತ್ತು ಬರ್ತಾ ಕಾರಲ್ಲಿ ಕತ್ತು ತಿರುಗಿಸ್ದೆ ನೋಡು, ಪಕ್ಕದಲ್ಲಿ ಯಾರೋ ಫೋಟೋ ಹೊಡೆದ ಹಾಗೆ ಫಳ್ ಅಂತು."

"ನೋವಿದೆಯಾ?"

"ಇಲ್ಲ."

"ಬಣ್ಣ?"

ದೀಪದ ಪೆಟ್ಟಿಗೆಯ ಮುಂದೆ ಹೋಗಿ, ಗೋಡೆ ನೋಡಿ ಕಣ್ಣು ತೊಳೆದು, ಹಿಂದಿನ ದಿನದ ಕಾರ್ಡನ್ನು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. "ಎರಡರಲ್ಲೂ ಒಂದೇ. ಕೊಟ್ಟಿಗೆಗೆ ಬಳಿಯೋ ಕೆಂಪು. ಸರಿಯಾಗೇ ಇದೆ" ಅಂದರು. ಆಮೇಲೆ, "ಕಣ್ಣಿನ ಡಾಕ್ಟರಿಗೆ ಫೋನ್ ಮಾಡ್ಲಾ? ನಿನ್ನ ಕಾಗದ ಏನನ್ನುತ್ತೆ?"

ಕಾಗದವನ್ನು ನೋಡುವ ಅಗತ್ಯವೂ ನನಗಿರಲಿಲ್ಲ.

"ಈ ವರ್ಷ ನೀವು ಒಂದು ಡಾಲರೂ ಖರ್ಚು ಮಾಡಿಲ್ಲ. ಈಗ ಹೋದ್ರೆ ಫೋಟೋ ತೆಗೀತಾರೆ, ಇನ್ನೊಬ್ಬ ಸ್ಪೆಷಲಿಸ್ಟ್ ಹತ್ರ ಕಳಿಸ್ತಾರೆ, ಸಾವಿರವೋ ಸಾವಿರದೈನೂರೋ ಕೈಯಿಂದ ಹೋಗುತ್ತೆ. ಹದಿನೆಂಟು ದಿನ ಕಳೆದ್ರೆ ಮತ್ತೆ ಸೊನ್ನೆ. ಜನವರಿ ಎರಡಕ್ಕೆ ಹೋಗಿ. ಏನಿದ್ರೂ ಒಂದೇ ವರ್ಷದಲ್ಲಿ ಬೀಳುತ್ತೆ."

ಅವರು ಬೆರಳಲ್ಲಿ ಎಣಿಸಿದರು. "ಹತ್ತೊಂಬತ್ತು ದಿನ. ಆಗ್ಲಿ ಬಿಡು. ನೊಣ ತಾನೇ, ತೋಳ ಅಲ್ಲವಲ್ಲ."

ಇಲ್ಲಿಗೇ ನಿಂತಿದ್ದರೆ ಇದು ಅಜ್ಞಾನದ ಕತೆ, ಕ್ಷಮಿಸಬಹುದಾದದ್ದು. ಆದರೆ ಆ ಸಂಜೆ ಊಟದ ನಂತರ ನಾನು ಈ ವಿಷಯ ಓದಿದೆ. ವಯಸ್ಸಾದಂತೆ ಕಣ್ಣಿನೊಳಗಿನ ಲೋಳೆ ಕುಗ್ಗಿ ರೆಟಿನಾ ಎಂಬ ಹಿಂಪೊರೆಯಿಂದ ಬಿಡಿಸಿಕೊಳ್ಳುತ್ತದೆ. ಚುಕ್ಕಿಗಳು ಅದರ ನೆರಳು. ಬಹುಪಾಲು ಜನರಿಗೆ ತೊಂದರೆಯಿಲ್ಲ ಎಂದಿತ್ತು. ಅದರ ಕೆಳಗೇ ಇನ್ನೊಂದು ವಾಕ್ಯವಿತ್ತು: ಚುಕ್ಕಿಗಳು ಹಠಾತ್ತಾಗಿ ಕಂಡು ಜೊತೆಗೆ ಮಿಂಚೂ ಇದ್ದರೆ ಸುಮಾರು ಏಳರಲ್ಲಿ ಒಬ್ಬರಿಗೆ ಹಿಂಪೊರೆ ಹರಿದಿರುತ್ತದೆ, ಅದೇ ದಿನ ತೋರಿಸಬೇಕು.

ಏಳರಲ್ಲಿ ಒಬ್ಬರು. ಹಾಗಾದರೆ ಏಳರಲ್ಲಿ ಆರು ಜನಕ್ಕೆ ಏನೂ ಇಲ್ಲ ಎಂದುಕೊಂಡೆ. ಹಬ್ಬದ ಹೊತ್ತಿನಲ್ಲಿ ಹೆದರಿಸುವುದೇಕೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಆರ್ಡಿತ್ ಮನೆಯಲ್ಲಿ ಬೇಯಿಸಿದ ಕೊಲಾಚೆ ಎಂಬ ಗಸಗಸೆಯ ಸಿಹಿ ಬನ್ನು ತಂದು ಎಲ್ಲರಿಗೂ ಹಂಚುತ್ತಾ ನಗುತ್ತಿದ್ದರು. ನಾನು ಒಂದು ತೆಗೆದುಕೊಂಡೆ, ಚೆನ್ನಾಗಿದೆ ಎಂದೆ, ಸುಮ್ಮನಾದೆ. ಹೇಳಿದ್ದರೆ ನಿನ್ನೆಯ ನನ್ನ ಸಲಹೆ ತಪ್ಪು ಎಂದೂ ಹೇಳಬೇಕಾಗುತ್ತಿತ್ತು. ಅರ್ವಿನ್‌ನ ಎರಡು ಮಂಡಿಗೆ ನಾಲ್ಕು ಸಾಲು ಅಂಕಿ ಬರೆದಿದ್ದವನು ಈ ಒಂದು ಅಂಕಿಯನ್ನು ಯಾರಿಗೂ ತೋರಿಸಲಿಲ್ಲ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕಾರ್ಖಾನೆಗೆ ರಜೆ. ಡಿಸೆಂಬರ್ ಇಪ್ಪತ್ತೊಂಬತ್ತರಂದು ಆರ್ಡಿತ್ ಅವರ ಎಡಗಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಒಂದು ಕಪ್ಪು ಪರದೆ ಕಂಡಿತಂತೆ. ಇನ್ನು ನಾಲ್ಕೇ ದಿನ ತಾನೇ ಎಂದು ಕಾದರು. ನನಗೆ ಫೋನ್ ಮಾಡಲಿಲ್ಲ. ಜನವರಿ ಎರಡರಂದು ಬೆಳಿಗ್ಗೆ ಎಂಟಕ್ಕೆ ಡಾಕ್ಟರ ಕಚೇರಿಗೆ ಮೊದಲ ಫೋನ್ ಅವರದೇ. ಎರಡನೆಯದು ನನಗೆ.

"ಪ್ರೊಫೆಸರ್, ನನ್ನನ್ನ ಗ್ರೀನ್ ಬೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ? ಗಾಡಿ ಓಡ್ಸೋಕಾಗಲ್ಲ. ಒಂದು ಕಡೆ ರಸ್ತೆನೇ ಇಲ್ಲ."

ದಾರಿಯುದ್ದಕ್ಕೂ ಹಿಮ ಬೀಳುತ್ತಿತ್ತು. ಅವರು ತಮ್ಮ ಗಂಡ ಬದುಕಿದ್ದಾಗ ಇದೇ ರಸ್ತೆಯಲ್ಲಿ ಟ್ರಕ್ಕನ್ನು ಹಳ್ಳಕ್ಕೆ ಇಳಿಸಿದ್ದರ ಬಗ್ಗೆ ಹೇಳುತ್ತಾ ಬಂದರು. ನಾನು ರಸ್ತೆ ನೋಡುತ್ತಿದ್ದೆ.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕಣ್ಣಿನೊಳಗೆ ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ಹಿಂಪೊರೆ ಕಳಚಿಕೊಂಡಿದೆ, ನೋಟದ ನಟ್ಟನಡುವಿನ ಭಾಗವೂ ಬಿಟ್ಟಿದೆ, ಬೇಗನೆ ಆಪರೇಷನ್ ಮಾಡಬೇಕು ಎಂದರು. ಪೊರೆ ಅಂಟಿಕೊಂಡರೂ ನಡುವಿನ ನೋಟ ಮೊದಲಿನಂತೆ ಬರುವುದು ಅನುಮಾನ.

"ಶುರುವಾಗಿದ್ದು ಯಾವಾಗ?"

"ಡಿಸೆಂಬರ್ ಹದಿಮೂರು."

"ಆಗಲೇ ಬಂದಿದ್ರೆ ಇದೇ ಕುರ್ಚಿಯಲ್ಲಿ ಕೂರಿಸಿ ಲೇಸರ್ ಹಾಕಿ ಹತ್ತು ನಿಮಿಷಕ್ಕೆ ಮನೆಗೆ ಕಳಿಸ್ತಿದ್ದೆ. ಯಾಕೆ ಬರಲಿಲ್ಲ?"

ನಾನು ಗೋಡೆಯ ಬಳಿಯ ಕುರ್ಚಿಯಲ್ಲಿ ನನ್ನ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದೆ. ಆರ್ಡಿತ್ ನನ್ನ ಕಡೆ ತಿರುಗಲೂ ಇಲ್ಲ.

"ಹಬ್ಬ ಅಲ್ವಾ ಡಾಕ್ಟ್ರೇ" ಅಂದರು. "ಕೊಲಾಚೆ ಬೇಯಿಸ್ತಾ ಇದ್ದೆ. ಪುರುಸೊತ್ತಾಗಲಿಲ್ಲ."

ಬಾಯಿ ತೆರೆಯಲು ನನಗೆ ಇದು ಎರಡನೇ ಅವಕಾಶ. ತೆರೆಯಲಿಲ್ಲ.

ಆಪರೇಷನ್ ಮಾಡಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದರು. ಅದು ಪೊರೆಯನ್ನು ಒತ್ತಿ ಹಿಡಿಯಲು ಆರ್ಡಿತ್ ಒಂದು ವಾರ ಹಗಲೂ ಇರುಳೂ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಆ ವಾರ ಕೆಲಸ ಮುಗಿಸಿ ದಿನವೂ ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಸುತ್ತಿದ ಟವೆಲಿಗೆ ಹಣೆ ಆನಿಸಿ, ಅಂಚಿನಾಚೆಗೆ ಮುಖ ಚಾಚಿ ಕೂತಿರುತ್ತಿದ್ದರು. ಬೂಯಾ ಎಂಬ ನಮ್ಮ ಕಡೆಯ ಕೋಳಿ ಸಾರನ್ನು ಸೋಸಿ ಕೊಟ್ಟರೆ ಕೊಳವೆಯಲ್ಲಿ ಹೀರುತ್ತಿದ್ದರು.

"ನಿನ್ನ ಬೂಟು ನೋಡಿದೀಯಾ? ಹಿಮ ಕರಗ್ಸೋಕೆ ರಸ್ತೆಗೆ ಚೆಲ್ಲೋ ಉಪ್ಪು ಹಿಡಿದು ಬೆಳ್ಳಗಾಗಿದೆ" ಎಂದು ನೆಲಕ್ಕೆ ಹೇಳುತ್ತಿದ್ದರು. "ಇಷ್ಟು ವರ್ಷ ನಿನ್ನ ಮುಖ ನೋಡಿದ್ದೆ. ಕಾಲೂ ಅಷ್ಟೇನೂ ಚೆನ್ನಾಗಿಲ್ಲ ಕಣೋ."

"ಆರ್ಡಿತ್, ನಾನು ನಿಮಗೊಂದು ಮಾತು..."

"ಸಾರಿಗೆ ಉಪ್ಪು ಕಮ್ಮಿ. ಅದನ್ನ ಹೇಳ್ಬೇಕು ಅಂತಿದ್ರೆ ನಂಗೆ ಗೊತ್ತು."

ಅವರು ತಡೆದದ್ದಕ್ಕೆ ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಯೇ ಈಗ ಹೆಚ್ಚು ನಾಚಿಕೆ ತರುತ್ತದೆ.

ಜನವರಿಯಲ್ಲೇ ನಾಲ್ಕು ಸಾವಿರ ಪೂರ್ತಿ ತುಂಬಿತು. ಉಳಿದ ಇಪ್ಪತ್ತೆಂಟು ಸಾವಿರವನ್ನು ವಿಮಾ ಕಂಪನಿ ಕೊಟ್ಟಿತು. ಎಲ್ಲವೂ ಒಂದೇ ವರ್ಷದಲ್ಲಿ ಬಿತ್ತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಮಾರ್ಚಿನಲ್ಲಿ ಆರ್ಡಿತ್ ಕೆಲಸಕ್ಕೆ ಬಂದರು. ಬೂದು ಗೋಡೆ ನೋಡಿದರು, ಕಾರ್ಡ್ ಎತ್ತಿಕೊಂಡರು, ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಬಲಗಣ್ಣಿಗೆ ಕೆಂಪು. ಎಡಗಣ್ಣಿಗೆ ಒಗೆದೊಗೆದು ಮಾಸಿದ ಬಟ್ಟೆಯ ಕೆಂಪು; ಕಪ್ಪು ಬಿಳುಪು ಸೇರುವ ನೇರ ಗೆರೆ ಸೊಟ್ಟ. ಬಲಗಣ್ಣೊಂದರಲ್ಲೇ ಕೆಲಸ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ತಲೆನೋವು. ಏಪ್ರಿಲಿನಲ್ಲಿ ಅವರು "ಸಾಕು" ಎಂದ ಒಂದು ತೊಟ್ಟಿ ಹಸಿರು ವಾಪಸು ಬಂತು. ನನ್ನ ಯಂತ್ರ ಬೇಡವೆಂದಿದ್ದ ಹಸಿರು. ಯಾರೂ ಬೈಯಲಿಲ್ಲ. ಮೇ ತಿಂಗಳಲ್ಲಿ ಮ್ಯಾನೇಜರ್ ಲೇಬಲ್ ಅಂಟಿಸುವ ವಿಭಾಗಕ್ಕೆ ಬನ್ನಿ, ಸಂಬಳ ಅದೇ ಇರುತ್ತದೆ ಎಂದ. ಆರ್ಡಿತ್ ಧನ್ಯವಾದ ಹೇಳಿ ರಾಜೀನಾಮೆ ಕೊಟ್ಟರು.

ಕೊನೆಯ ಶುಕ್ರವಾರ ಕೇಕ್ ಕತ್ತರಿಸಿದ್ದಾಯಿತು, ಎಲ್ಲರೂ ಹೊರಟರು. ಆರ್ಡಿತ್ ತಮ್ಮ ದೀಪದ ಪೆಟ್ಟಿಗೆಯ ಮುಂದೆ ಕೂತು ಹಳೆಯ ಕಾರ್ಡುಗಳನ್ನು ಕಟ್ಟುತ್ತಿದ್ದರು. ನಾನು ಬಾಗಿಲು ಹಾಕಿ ಬಂದು ಎದುರಿಗೆ ಕೂತು, ಡಿಸೆಂಬರ್ ಹದಿನಾಲ್ಕರ ಸಂಜೆ ಓದಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

ಅವರ ಕೈ ನಿಂತಿತು.

"ಏಳರಲ್ಲಿ ಒಬ್ರಿಗಾ?"

"ಹೌದು."

"ಅವತ್ತೇ ಗೊತ್ತಿತ್ತಾ?"

"ಅವತ್ತೇ ಸಂಜೆ."

"ಏಳರಲ್ಲಿ ಒಬ್ರಿಗೆ ಅಂದಿದ್ರೆ ನಾನು ಹೋಗಿರ್ತಿದ್ದೆ ವೆಂಡೆಲ್."

ಇಷ್ಟು ವರ್ಷಗಳಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬರಿಯ ಎಡಗಣ್ಣಿನಿಂದ ನನ್ನನ್ನು ನೋಡಿದರು. ಬಣ್ಣ ನೋಡುವಾಗಿನಷ್ಟೇ ಹೊತ್ತು.

"ಈ ಕಣ್ಣಲ್ಲಿ ನಿನಗೆ ಮುಖಾನೇ ಇಲ್ಲ. ಎರಡು ಕಿವಿ, ಮಧ್ಯೆ ಯಾರೋ ಒದ್ದೆ ಬಟ್ಟೇಲಿ ಒರೆಸಿದ ಹಾಗಿದೆ" ಅಂದರು. "ಹೀಗೆ ನೋಡಿದ್ರೆ ಸಿಟ್ಟು ಬರಲ್ಲ."

ಆಮೇಲೆ ಕೈ ತೆಗೆದರು. ಬಲಗಣ್ಣು ನನ್ನ ಮೇಲೆ ನಿಂತಿತು. ಪೆಟ್ಟಿಗೆಯ ಮೂರು ದೀಪಗಳನ್ನು ಒಂದೊಂದಾಗಿ ಆರಿಸಿ, ಕಾರ್ಡುಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲ ಚೌಕಟ್ಟು ಎಲ್ಲಿದೆ ಎಂದು ಎಡಗೈಯಲ್ಲಿ ಮುಟ್ಟಿ ನೋಡಿ ಹೊರಗೆ ಹೋದರು.